ಸೊಲ್ಲಾಪುರದ ಘರಪಟ್ಟಿ, ಅಕ್ಕಲಕೋಟೆಯ ಪರವಾನಾ: ಬಿಲ್ ಬರುವ ಮೊದಲೇ ಓದಬೇಕಾದ ಕಾಗದ

2025ರ ಏಪ್ರಿಲ್ 1ರಿಂದ ಮಹಾರಾಷ್ಟ್ರ ಸರಕಾರ ಜಮೀನು ಮತ್ತು ಕಟ್ಟಡಗಳ ರೆಡಿ ರೆಕನರ್ ದರವನ್ನು ಏರಿಸಿತು. ಎರಡು ವರ್ಷ ದರ ಮುಟ್ಟದೆ ಬಿಟ್ಟಿದ್ದ ಸರಕಾರ ಒಮ್ಮೆಲೇ ಕೈ ಹಾಕಿದಾಗ ಎಲ್ಲರ ಕಣ್ಣು ಮುಂಬಯಿ, ಪುಣೆಯ ಮೇಲಿತ್ತು. ಆದರೆ ಮಹಾನಗರಪಾಲಿಕೆಗಳ ಪೈಕಿ ಅತಿ ಹೆಚ್ಚು ಏರಿಕೆ ಬಿದ್ದದ್ದು ಸೊಲ್ಲಾಪುರಕ್ಕೆ: ಶೇ. 10.17. ಮುಂಬಯಿಯಲ್ಲಿ ಅದು ಶೇ. 3.39, ಪುಣೆ ಪಾಲಿಕೆ ವ್ಯಾಪ್ತಿಯಲ್ಲಿ ಶೇ. 4.16. ಚಾದರ, ಟವೆಲ್, ಬೀಡಿಯ ದುಡಿಮೆಯಲ್ಲಿ ಬದುಕುವ ಊರಿಗೆ ಮುಂಬಯಿಯ ಮೂರು ಪಟ್ಟು ಏರಿಕೆ.

ಇಂಥ ಸುದ್ದಿ ಬಂದಾಗ ಅಂಗಡಿ ಇಟ್ಟವರು, ಮನೆ ಕಟ್ಟಿದವರು ಕೇಳುವ ಮೊದಲ ಪ್ರಶ್ನೆ ಒಂದೇ: ಹಾಗಾದರೆ ಘರಪಟ್ಟಿಯೂ ಶೇ. 10 ಏರುತ್ತದೆಯಾ? ಉತ್ತರ ಆ ಅಂಗಡಿ, ಮನೆ ಎಲ್ಲಿದೆ ಎಂಬುದರ ಮೇಲಿದೆ. ಸೊಲ್ಲಾಪುರ ಪೇಟೆಯಲ್ಲಿರುವವನಿಗೆ ಒಂದು ಉತ್ತರ, ಅಕ್ಕಲಕೋಟೆ ಪಟ್ಟಣದಲ್ಲಿರುವವನಿಗೆ ಇನ್ನೊಂದು, ಪಕ್ಕದ ಹಳ್ಳಿಯಲ್ಲಿರುವವನಿಗೆ ಮತ್ತೊಂದು. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಸುಮ್ಮನೆ ಹೆದರುತ್ತಾರೆ, ಕೆಲವರು ಹೆದರಬೇಕಾದಲ್ಲಿ ಸುಮ್ಮನಿರುತ್ತಾರೆ.

ಕರಾವಳಿಯ ಓದುಗರಿಗೂ ಇದು ದೂರದ ಮಾತಲ್ಲ. ಊರು ಬಿಟ್ಟು ಮಹಾರಾಷ್ಟ್ರದಲ್ಲಿ ಬೇಕರಿ, ಹೋಟೆಲ್, ಬಟ್ಟೆ ಅಂಗಡಿ ಇಡುವವರಿಗೆ ಅಲ್ಲಿನ ಕಾನೂನು ಇದೇ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಂತೂ ಕನ್ನಡ ಮನೆಮಾತಾಗಿರುವ ಸಾವಿರಾರು ಕುಟುಂಬಗಳಿವೆ, ಉರ್ದು ಮಾತಾಡುವ ಮುಸ್ಲಿಂ ಮೊಹಲ್ಲಾಗಳಿವೆ. ಅವರ ಕೈಗೆ ಬರುವ ತೆರಿಗೆ ಕಾಗದ ಮಾತ್ರ ಮರಾಠಿಯದ್ದು.

ಮೂರು ಮೌಲ್ಯ, ಮೂರು ಕಚೇರಿ

ಗೊಂದಲದ ಮೂಲ ‘ಮೌಲ್ಯ’ ಎಂಬ ಒಂದೇ ಶಬ್ದದಲ್ಲಿದೆ. ಒಂದೇ ಕಟ್ಟಡಕ್ಕೆ ಸರಕಾರದ ಪುಸ್ತಕಗಳಲ್ಲಿ ಬೇರೆ ಬೇರೆ ಮೌಲ್ಯ ಇರಬಹುದು.

ಮೊದಲನೆಯದು ರೆಡಿ ರೆಕನರ್. ನಮ್ಮಲ್ಲಿ ಮಾರ್ಗಸೂಚಿ ದರ ಎನ್ನುವುದೇ ಇದು. ಆಸ್ತಿ ಕೊಳ್ಳುವಾಗ, ಮಾರುವಾಗ ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಇದರ ಮೇಲೆ. ಶೇ. 10.17 ಏರಿದ್ದು ಈ ಮೌಲ್ಯ.

ಎರಡನೆಯದು ಮಹಾಪಾಲಿಕೆಯ ‘ಕರಯೋಗ್ಯ ಮೂಲ್ಯ’. ಆ ಕಟ್ಟಡ ವರ್ಷಕ್ಕೆ ಎಷ್ಟು ಬಾಡಿಗೆ ತರಬಹುದು ಎಂಬ ಅಂದಾಜಿನ ಮೇಲೆ ನಿಂತಿರುವ ಲೆಕ್ಕ ಇದು. ಮಹಾರಾಷ್ಟ್ರ ಮಹಾನಗರಪಾಲಿಕೆ ಅಧಿನಿಯಮ, 1949ರ ಪ್ರಕಾರ ಪಾಲಿಕೆ ಬೇಕಿದ್ದರೆ ಬಾಡಿಗೆ ಮೌಲ್ಯ ಬಿಟ್ಟು ಬಂಡವಾಳ ಮೌಲ್ಯದ ಪದ್ಧತಿಗೂ ಹೋಗಬಹುದು. ಮುಂಬಯಿ ತನ್ನ ಪ್ರತ್ಯೇಕ ಕಾಯ್ದೆಯ ಕೆಳಗೆ 2010ರಿಂದ ಹಾಗೆ ಹೋಗಿದೆ. ಬಿಲ್ಲಿನಲ್ಲಿ ಕರಯೋಗ್ಯ ಮೂಲ್ಯ ಎಂದಿದ್ದರೆ ಅದು ಬಾಡಿಗೆ ಲೆಕ್ಕ. ರೆಡಿ ರೆಕನರ್ ಏರಿದ ಮಾತ್ರಕ್ಕೆ ಅದು ತಾನಾಗಿ ಏರುವುದಿಲ್ಲ.

ಮೂರನೆಯದು ಗ್ರಾಮ ಪಂಚಾಯತಿನ ಬಂಡವಾಳ ಮೌಲ್ಯ. 2015ರ ಡಿಸೆಂಬರ್ 31ರಂದು ಸರಕಾರ ಪಂಚಾಯತ್ ತೆರಿಗೆ ನಿಯಮಗಳನ್ನು ತಿದ್ದಿದ ಬಳಿಕ ಹಳ್ಳಿಗಳಲ್ಲಿ ತೆರಿಗೆ ಈ ಮೌಲ್ಯದ ಮೇಲೆ. ಜಾಗದ ದರ, ಕಟ್ಟಡದ ದರ, ಕಟ್ಟಡದ ವಯಸ್ಸು, ಮನೆಯೋ ಅಂಗಡಿಯೋ ಎಂಬುದು ಎಲ್ಲ ಸೇರಿ ಲೆಕ್ಕ ಆಗುತ್ತದೆ. ಜಾಗದ ದರ ತೆಗೆಯುವುದು ಸರಕಾರದ ವಾರ್ಷಿಕ ದರ ಪಟ್ಟಿಯಿಂದ, ಅಂದರೆ ರೆಡಿ ರೆಕನರ್‌ನಿಂದಲೇ. ಹಾಗಾಗಿ ಪೇಟೆಯವನಿಗಿಂತ ಹಳ್ಳಿಯವನಿಗೇ ರೆಡಿ ರೆಕನರ್ ಏರಿಕೆ ಹತ್ತಿರದ ಸಂಗತಿ. ಮುಂದಿನ ಸಲ ಪಂಚಾಯತ್ ತೆರಿಗೆ ಪರಿಷ್ಕರಿಸುವಾಗ ಅದು ಬಾಗಿಲಿಗೆ ಬರುತ್ತದೆ.

ಪಾಲಿಕೆಯ ಲೆಕ್ಕ ಹೀಗೆ

ಸೊಲ್ಲಾಪುರ ಮಹಾನಗರಪಾಲಿಕೆ ಆದದ್ದು 1964ರಲ್ಲಿ. ಅಲ್ಲಿ ತಿಂಗಳಿಗೆ ರೂ. 5,000 ಬಾಡಿಗೆ ಬರಬಹುದಾದ ಒಂದು ಅಂಗಡಿ ಎಂದು ಹಿಡಿಯೋಣ. ವರ್ಷಕ್ಕೆ ರೂ. 60,000. ರಿಪೇರಿ ಖರ್ಚಿನ ಬಾಬ್ತು ಕಾನೂನು ಶೇ. 10 ಕಳೆಯಲು ಹೇಳುತ್ತದೆ. ಉಳಿದ ರೂ. 54,000 ಕರಯೋಗ್ಯ ಮೂಲ್ಯ. ಇದರ ಮೇಲೆ ಸಾಮಾನ್ಯ ಕರ, ನೀರು, ಚರಂಡಿ, ಬೀದಿದೀಪ ಇತ್ಯಾದಿ ಬಾಬ್ತುಗಳು ಶೇಕಡಾವಾರು ಬೀಳುತ್ತವೆ. ಎಲ್ಲ ಸೇರಿ ಶೇ. 40 ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ತೆರಿಗೆ ರೂ. 21,600. ಅಂದರೆ ನಾಲ್ಕು ತಿಂಗಳಿಗೂ ಹೆಚ್ಚಿನ ಬಾಡಿಗೆ ತೆರಿಗೆಗೇ ಹೋಯಿತು.

ಬಿಲ್ಲಿನಲ್ಲಿ ಪಾಲಿಕೆಗೆ ಸೇರದ ಹಣವೂ ಇರುತ್ತದೆ. ಶಿಕ್ಷಣ ಕರ ಮತ್ತು ರೋಜಗಾರ ಹಮಿ ಕರ 1962ರ ಕಾಯ್ದೆಯಡಿ ರಾಜ್ಯ ಸರಕಾರದ್ದು. ಪಾಲಿಕೆ ಅದನ್ನು ವಸೂಲಿ ಮಾಡಿಕೊಡುತ್ತದೆ ಅಷ್ಟೇ. ರೋಜಗಾರ ಹಮಿ ಕರ ವಾಸದ ಮನೆಗೆ ಇಲ್ಲ, ವ್ಯಾಪಾರದ ಜಾಗಕ್ಕೆ ಇದೆ. ಮನೆಯ ಬಿಲ್ಲಿನಲ್ಲಿ ಆ ಸಾಲು ಕಂಡರೆ ಕಟ್ಟಡವನ್ನು ‘ಬಿಗರ್ ನಿವಾಸಿ’, ಅಂದರೆ ವಾಸಕ್ಕಲ್ಲದ್ದು ಎಂದು ಬರೆದುಕೊಂಡಿದ್ದಾರೆ ಎಂದರ್ಥ. ಅದನ್ನು ಅಲ್ಲೇ ಪ್ರಶ್ನಿಸಬೇಕು.

ಮಂಗಳೂರಿನವರಿಗೆ ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ಕರ್ನಾಟಕದಲ್ಲಿ ಸ್ವಯಂ ಘೋಷಣೆ ಪದ್ಧತಿ. ಮಾಲಕನೇ ಅಳತೆ ತುಂಬಿಸಿ, ಲೆಕ್ಕ ಹಾಕಿ ತೆರಿಗೆ ಕಟ್ಟುತ್ತಾನೆ. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಮಹಾರಾಷ್ಟ್ರದಲ್ಲಿ ಅಳತೆ ತೆಗೆಯುವುದು, ಮೌಲ್ಯ ಕಟ್ಟುವುದು, ಬಿಲ್ ಕಳಿಸುವುದು ಎಲ್ಲ ಕಚೇರಿಯೇ. ನಮ್ಮಲ್ಲಿ ತಪ್ಪು ಬರೆದರೆ ಮಾಲಕನ ತಲೆಗೆ. ಅಲ್ಲಿ ಕಚೇರಿ ತಪ್ಪು ಬರೆದರೂ ಮಾಲಕ ಸಮಯಕ್ಕೆ ಬಾಯಿ ಬಿಡದಿದ್ದರೆ ಅದೂ ಅವನ ತಲೆಗೇ.

ಅಕ್ಕಲಕೋಟೆ, ಮೈಂದರ್ಗಿ, ದುಧನಿ

ಅಕ್ಕಲಕೋಟೆ ತಾಲೂಕಿನಲ್ಲಿ ಅಕ್ಕಲಕೋಟೆ, ಮೈಂದರ್ಗಿ, ದುಧನಿ ಮೂರೂ ನಗರ ಪರಿಷತ್ತುಗಳು. ಇವಕ್ಕೆ ಪಾಲಿಕೆ ಕಾಯ್ದೆ ಅಲ್ಲ, 1965ರ ನಗರ ಪರಿಷತ್ ಅಧಿನಿಯಮ ಅನ್ವಯ. ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಆಸ್ತಿಗಳ ಹೊಸ ಮೌಲ್ಯಪಟ್ಟಿ ಆಗಬೇಕು. ಇದರಲ್ಲಿ ಪರಿಷತ್ತಿನ ಸಿಬ್ಬಂದಿ ಜೊತೆ ರಾಜ್ಯದ ನಗರ ರಚನಾ ಇಲಾಖೆಯ ಅಧಿಕಾರಿಯ ಕೈಯೂ ಇದೆ. ಆದ್ದರಿಂದ ಸ್ಥಳೀಯ ಸದಸ್ಯನ ಮನೆಗೆ ಹೋಗಿ ಹೇಳಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ.

ಅಕ್ಕಲಕೋಟೆ ಸ್ವಾಮಿ ಸಮರ್ಥರ ಕ್ಷೇತ್ರ. ವರ್ಷವಿಡೀ ಯಾತ್ರಿಕರು. ಮನೆಯ ಮುಂದಿನ ಕೋಣೆಯಲ್ಲಿ ಪ್ರಸಾದದ ಅಂಗಡಿ, ಮೇಲಿನ ಎರಡು ಕೋಣೆ ಬಾಡಿಗೆಗೆ ಎಂಬುದು ಇಂಥ ಪಟ್ಟಣದ ಬದುಕು. ಹೊಸ ಪಟ್ಟಿ ಮಾಡುವಾಗ ಸರ್ವೆಗೆ ಬಂದವನು ಇಡೀ ಮನೆಯನ್ನು ವಾಣಿಜ್ಯ ಎಂದು ಬರೆದರೆ ತೆರಿಗೆ ಒಮ್ಮೆಲೇ ಹಾರುತ್ತದೆ. ಎಷ್ಟು ಭಾಗ ಅಂಗಡಿ, ಎಷ್ಟು ಭಾಗ ವಾಸ ಎಂದು ಬೇರೆ ಬೇರೆ ಬರೆಸಿಕೊಳ್ಳುವುದು ಮಾಲಕನ ಹಕ್ಕು. ಆದರೆ ಅದನ್ನು ಕೇಳಬೇಕಾದದ್ದು ಪಟ್ಟಿ ಅಂತಿಮ ಆಗುವ ಮೊದಲು.

ನಗರದ ಅಂಚಿನಲ್ಲೂ ಗೊಂದಲ ಕಡಿಮೆಯಿಲ್ಲ. ಬೀಡಿ ಕಾರ್ಮಿಕರಿಗೂ ಇತರ ಅಸಂಘಟಿತ ಕಾರ್ಮಿಕರಿಗೂ ಕಟ್ಟಿದ ರೇನಗರ ವಸತಿಯ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ಹಸ್ತಾಂತರಿಸಿದರು. ಊರವರ ಬಾಯಲ್ಲಿ ಅದು ಸೊಲ್ಲಾಪುರ, ದಾಖಲೆಯಲ್ಲಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿ. ಇಂಥಲ್ಲಿ ಮನೆ ಇರುವವರು ಕೇಳಬೇಕಾದ ಮೊದಲ ಪ್ರಶ್ನೆ ತೆರಿಗೆ ಎಷ್ಟು ಎಂದಲ್ಲ, ತೆರಿಗೆ ಯಾರಿಗೆ ಎಂದು. ಪಂಚಾಯತ್ ಆದರೆ ನಮುನಾ 8ರ ಉತಾರಾ ತೆಗೆದು ನೋಡಬೇಕು. ಅಳತೆ, ಮೌಲ್ಯ, ಹೆಸರು ಎಲ್ಲ ಅದರಲ್ಲಿದೆ. ಕಟ್ಟಿದ್ದಕ್ಕೆ ನಮುನಾ 10ರ ರಸೀದಿ.

ಇನ್ನೊಂದು ತಪ್ಪು ತಿಳಿವಳಿಕೆ: ಘರಪಟ್ಟಿ ಕಟ್ಟಿದ ರಸೀದಿ ಇದ್ದರೆ ಜಾಗ ನಮ್ಮದಾಯಿತು ಎಂದು. ಆಗುವುದಿಲ್ಲ. ಅನಧಿಕೃತ ಕಟ್ಟಡಕ್ಕೂ ಪಾಲಿಕೆ ತೆರಿಗೆ ಹಾಕುತ್ತದೆ, ಮೇಲೆ ತೆರಿಗೆಯ ಎರಡು ಪಟ್ಟು ದಂಡ ಹಾಕಲೂ ಕಾಯ್ದೆಯಲ್ಲಿ ಅವಕಾಶ ಇದೆ. ತೆರಿಗೆ ಪಡೆದ ಮಾತ್ರಕ್ಕೆ ಕಟ್ಟಡ ಸಕ್ರಮ ಆಯಿತು ಎಂದಲ್ಲ.

ನೋಟಿಸ್ ಮತ್ತು ಬಿಲ್ಲಿನ ನಡುವೆ

ಇಡೀ ವ್ಯವಸ್ಥೆಯ ಕೀಲಿ ಇರುವುದು ಇಲ್ಲಿ. ಮೌಲ್ಯ ಹೊಸದಾಗಿ ನಿಗದಿ ಮಾಡುವಾಗ ಅಥವಾ ಏರಿಸುವಾಗ ಕಚೇರಿ ಮೊದಲು ನೋಟಿಸ್ ಕೊಡಬೇಕು. ಅದರಲ್ಲಿ ಬರೆದ ದಿನದೊಳಗೆ ಮಾಲಕ ಆಕ್ಷೇಪ ಸಲ್ಲಿಸಬಹುದು. ಮರಾಠಿಯಲ್ಲಿ ಅದಕ್ಕೆ ‘ಹರಕತ್’ ಎನ್ನುತ್ತಾರೆ. ಹರಕತ್ ಬಂದರೆ ‘ಸುನಾವಣಿ’, ಅಂದರೆ ವಿಚಾರಣೆ ನಡೆಸಬೇಕು. ಆ ಮೇಲೆ ಮೌಲ್ಯ ಅಂತಿಮ, ಆ ಮೇಲೆ ಬಿಲ್.

ಹರಕತ್ ಕೊಟ್ಟವನಿಗೆ ಮಾತ್ರ ಮುಂದಿನ ದಾರಿ ತೆರೆದಿರುತ್ತದೆ. ಪಾಲಿಕೆ ಕಾಯ್ದೆಯ ಕಲಂ 406ರ ಪ್ರಕಾರ ಮೌಲ್ಯ ಅಥವಾ ತೆರಿಗೆಯ ವಿರುದ್ಧ ನ್ಯಾಯಾಧೀಶರ ಮುಂದೆ ಮೇಲ್ಮನವಿ ಹಾಕಲು 15 ದಿನ. ಮೊದಲು ಕಚೇರಿಯಲ್ಲಿ ಆಕ್ಷೇಪ ಹಾಕಿರಬೇಕು, ತಕರಾರಿನ ತೆರಿಗೆಯನ್ನೂ ಕಟ್ಟಿಟ್ಟಿರಬೇಕು. ಬಿಲ್ ನೋಡಿದ ಮೇಲೆ ಎಚ್ಚರ ಆದವನಿಗೆ ಈ ಬಾಗಿಲು ಬಹುತೇಕ ಮುಚ್ಚಿರುತ್ತದೆ.

ಮೌಲ್ಯವನ್ನು ಪ್ರಶ್ನಿಸುವುದು ದಂಡದ ಕೆಲಸ ಎಂದು ಭಾವಿಸಬೇಕಿಲ್ಲ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂಬಯಿ ಪಾಲಿಕೆಯ ಬಂಡವಾಳ ಮೌಲ್ಯದ ಕೆಲವು ನಿಯಮಗಳನ್ನು ರದ್ದು ಮಾಡಿದ ತೀರ್ಪನ್ನು ಎತ್ತಿ ಹಿಡಿಯಿತು. ಜಾಗದಲ್ಲಿ ಮುಂದೆ ಏನು ಕಟ್ಟಬಹುದು ಎಂಬ ಲೆಕ್ಕದಲ್ಲಿ ಇವತ್ತಿನ ತೆರಿಗೆ ಹಾಕುವಂತಿಲ್ಲ ಎಂಬುದು ಅದರ ಸಾರ. ಮೌಲ್ಯ ಕಟ್ಟುವವರು ತಪ್ಪಬಹುದು ಎಂದು ಅತಿ ದೊಡ್ಡ ಕೋರ್ಟೇ ಒಪ್ಪಿದಂತಾಯಿತು.

ಕಟ್ಟದೆ ಕೂತರೆ ಏನಾಗುತ್ತದೆ ಎಂಬುದು ಸರಳ ಗಣಿತ. ತಡವಾದ ಪ್ರತಿ ತಿಂಗಳಿಗೆ ಶೇ. 2 ‘ಶಾಸ್ತಿ’. ರೂ. 10,000 ಬಾಕಿ ಇದ್ದರೆ ತಿಂಗಳಿಗೆ ರೂ. 200, ವರ್ಷಕ್ಕೆ ರೂ. 2,400. ನಾಲ್ಕು ವರ್ಷ ಎರಡು ತಿಂಗಳಲ್ಲಿ ದಂಡವೇ ಅಸಲಿನಷ್ಟು. ಯಾವ ಬ್ಯಾಂಕಿನ ವ್ಯಾಪಾರ ಸಾಲವೂ ಇಷ್ಟು ದುಬಾರಿ ಇರಲಿಕ್ಕಿಲ್ಲ. ಶಾಸ್ತಿ ಮನ್ನಾ ಮಾಡುವ ‘ಅಭಯ ಯೋಜನೆ’ ಆಗಾಗ ಬರುತ್ತದೆ, ನಿಜ. ಅದನ್ನೇ ಕಾದು ಕೂರುವವರೂ ಇದ್ದಾರೆ. ಆದರೆ ಯೋಜನೆ ಯಾವಾಗ ಬರುತ್ತದೆ, ಎಷ್ಟು ಮನ್ನಾ ಎಂಬುದು ಆಳುವವರ ಮರ್ಜಿ. ಪದೇ ಪದೇ ಮನ್ನಾ ಕೊಡುವ ಊರಿನಲ್ಲಿ ಸಮಯಕ್ಕೆ ಕಟ್ಟಿದವನೇ ಮೂರ್ಖ ಎಂಬ ಭಾವನೆ ಬೆಳೆಯುತ್ತದೆ, ಅದು ಪಾಲಿಕೆಗೂ ಒಳ್ಳೆಯದಲ್ಲ.

ಬಾಡಿಗೆದಾರ ಎಚ್ಚರ ಇರಬೇಕು

ಹೊರಗಿನಿಂದ ಹೋಗಿ ವ್ಯಾಪಾರ ಮಾಡುವವರಲ್ಲಿ ಹೆಚ್ಚಿನವರು ಬಾಡಿಗೆ ಅಂಗಡಿಯಲ್ಲಿರುತ್ತಾರೆ. ಘರಪಟ್ಟಿ ಮಾಲಕನದ್ದು, ನಮಗೇನು ಎಂಬುದು ಅವರ ಮಾತು. ಕಾನೂನಿನ ಪ್ರಕಾರ ಮೊದಲ ಹೊಣೆ ಮಾಲಕನದ್ದೇ. ಆದರೆ ಮಾಲಕ ಕಟ್ಟದಿದ್ದರೆ ಪಾಲಿಕೆ ಒಳಗಿರುವ ಬಾಡಿಗೆದಾರನಿಂದ ವಸೂಲಿ ಮಾಡಬಹುದು. ಹಾಗೆ ಕಟ್ಟಿದ್ದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಹಕ್ಕು ಬಾಡಿಗೆದಾರನಿಗಿದೆ. ಆದರೆ ಬೀಗ ಬಿದ್ದ ದಿನದ ವ್ಯಾಪಾರ ಯಾರು ಕೊಡುತ್ತಾರೆ? ಪಾಲಿಕೆಯದ್ದೇ ಮಳಿಗೆ, ಅಲ್ಲಿ ಅದಕ್ಕೆ ‘ಗಾಳಾ’ ಎನ್ನುತ್ತಾರೆ, ಆಗಿದ್ದರೆ ಹೊಣೆ ನೇರವಾಗಿ ಒಳಗಿರುವವನದ್ದು.

ಆದ್ದರಿಂದ ಅಂಗಡಿ ಹಿಡಿಯುವಾಗ ಮುಂಗಡ ಕೊಡುವ ಮೊದಲು ಮೂರು ಕಾಗದ ಕೇಳಬೇಕು: ಕಳೆದ ವರ್ಷದ ಘರಪಟ್ಟಿ ರಸೀದಿ, ಬಾಕಿ ಇಲ್ಲ ಎಂಬ ದಾಖಲೆ, ಆ ಜಾಗ ವಾಣಿಜ್ಯ ಎಂದು ದಾಖಲಾಗಿದೆಯೇ ಎಂಬುದರ ಉತಾರಾ. ಆಸ್ತಿ ತೆರಿಗೆ ಬಾಕಿ ಕಟ್ಟಡದ ಮೇಲೆಯೇ ಕೂತಿರುವ ಋಣ. ಕೊಂಡವನನ್ನೂ ಬಿಡುವುದಿಲ್ಲ, ಬಾಡಿಗೆಗೆ ಬಂದವನನ್ನೂ ಬಿಡುವುದಿಲ್ಲ.

ಮಸೀದಿ, ದರ್ಗಾ, ಮದ್ರಸ

ಜಮಾಅತ್ ಕಮಿಟಿಗಳಲ್ಲಿ ಏಳುವ ಪ್ರಶ್ನೆ ಇದು. ಪಾಲಿಕೆ ಕಾಯ್ದೆಯ ಕಲಂ 132ರಲ್ಲಿ ಸಾರ್ವಜನಿಕ ಆರಾಧನೆಗೆ ಅಥವಾ ಸಾರ್ವಜನಿಕ ಧರ್ಮಾರ್ಥ ಕೆಲಸಕ್ಕೆ ಮಾತ್ರ ಬಳಕೆಯಾಗುವ ಕಟ್ಟಡಕ್ಕೆ ಸಾಮಾನ್ಯ ಕರದಿಂದ ವಿನಾಯಿತಿ ಇದೆ. ದೇವಸ್ಥಾನ, ಮಸೀದಿ, ಚರ್ಚ್ ಎಲ್ಲಕ್ಕೂ ಒಂದೇ ನಿಯಮ. ಎರಡು ಮಾತು ಗಮನಿಸಬೇಕು. ವಿನಾಯಿತಿ ಸಾಮಾನ್ಯ ಕರಕ್ಕೆ. ನೀರಿನಂಥ ಸೇವೆಯ ಬಾಬ್ತು ಬರಬಹುದು. ಎರಡನೆಯದು, ಮಸೀದಿಯ ಎದುರಿನ ನಾಲ್ಕು ಅಂಗಡಿ ಬಾಡಿಗೆಗೆ ಕೊಟ್ಟಿದ್ದರೆ ಆ ಭಾಗಕ್ಕೆ ವಿನಾಯಿತಿ ಇಲ್ಲ, ಬಾಡಿಗೆ ಹಣ ಮದ್ರಸದ ಖರ್ಚಿಗೇ ಹೋದರೂ ಇಲ್ಲ. ಕಮಿಟಿಯವರು ಎರಡೂ ಭಾಗದ ಮೌಲ್ಯ ಬೇರೆ ಬೇರೆ ಮಾಡಿಸದಿದ್ದರೆ, ಒಂದೋ ಇಡೀ ಕಟ್ಟಡಕ್ಕೆ ತೆರಿಗೆ ಬೀಳುತ್ತದೆ, ಇಲ್ಲವೇ ವರ್ಷಗಳ ನಂತರ ಅಂಗಡಿಗಳ ಬಾಕಿ ದಂಡ ಸಮೇತ ಎದ್ದು ಬರುತ್ತದೆ.

ಪರವಾನಾ: ಒಂದಲ್ಲ, ಹಲವು

ಲೈಸನ್ಸ್ ವಿಷಯದಲ್ಲಿ ‘ಶಾಪ್ ಆ್ಯಕ್ಟ್ ಆಯಿತು, ಎಲ್ಲ ಆಯಿತು’ ಎಂಬುದೇ ದೊಡ್ಡ ತಪ್ಪು. 2017ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಅಂಗಡಿ ಕಾಯ್ದೆಯಲ್ಲಿ 10ಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ನೋಂದಣಿಯೇ ಬೇಡ. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟು ರಸೀದಿ ಪಡೆದರೆ ಸಾಕು. 2025ರಲ್ಲಿ ಸರಕಾರ ಈ ಮಿತಿಯನ್ನು 20ಕ್ಕೆ ಏರಿಸಲು ಮುಂದಾಯಿತು. ಇಷ್ಟು ಸಣ್ಣ ಕೆಲಸಕ್ಕೆ ಏಜೆಂಟರಿಗೆ ಸಾವಿರಗಟ್ಟಲೆ ಕೊಡುವ ಅಗತ್ಯ ಇಲ್ಲ.

ಆದರೆ ಆ ರಸೀದಿ ಪಾಲಿಕೆಯ ಪರವಾನಾ ಅಲ್ಲ. ಹೋಟೆಲ್, ಬೇಕರಿ, ಬೆಂಕಿ ಹಿಡಿಯುವ ಸರಕಿನ ಗೋದಾಮು, ಯಂತ್ರ ಓಡುವ ಜಾಗ ಇವಕ್ಕೆ ಪಾಲಿಕೆ ಕಾಯ್ದೆಯಡಿ ಬೇರೆ ಪರವಾನಾ ಬೇಕು. ತಿಂಡಿ ತಿನಿಸು ಮಾರಿದರೆ ಆಹಾರ ಸುರಕ್ಷತೆಯ ನೋಂದಣಿ ಬೇರೆ. ಜಿಎಸ್‌ಟಿ ಇರುವ ವ್ಯಾಪಾರಿಗೆ ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ ರೂ. 2,500. ಬೋರ್ಡಿನ ನಿಯಮವೂ ಇದೆ: 2022ರ ತಿದ್ದುಪಡಿಯ ನಂತರ ಸಣ್ಣ ಅಂಗಡಿಗೂ ದೇವನಾಗರಿ ಲಿಪಿಯ ಮರಾಠಿ ಫಲಕ ಕಡ್ಡಾಯ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟಿತ್ತು. ಕನ್ನಡ, ಉರ್ದು ಹಾಕಬಾರದು ಅಂತಲ್ಲ. ಮರಾಠಿ ಅಕ್ಷರ ಅವಕ್ಕಿಂತ ಚಿಕ್ಕದಿರಬಾರದು.

ಪರವಾನಾ ಎಂದರೆ ಬರೀ ಫೀಸು ಎಂದು ತಳ್ಳಿ ಹಾಕುವ ಮೊದಲು 2025ರ ಮೇ 18 ನೆನಪಾಗಬೇಕು. ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ಕಾರ್ಖಾನೆಗೆ ಬೆಂಕಿ ಬಿದ್ದು ಎಂಟು ಮಂದಿ ಸತ್ತರು. ಮಾಲಕರ ಕುಟುಂಬವೂ ಕೆಲಸಗಾರರ ಕುಟುಂಬವೂ ವಾಸವಿದ್ದದ್ದು ಅದೇ ಕಟ್ಟಡದಲ್ಲಿ. ಕೆಳಗೆ ಮಗ್ಗ, ಮೇಲೆ ಮನೆ ಎಂಬುದು ಸಣ್ಣ ಉದ್ಯಮಿಯ ಅನಿವಾರ್ಯ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ ಕೇಳುತ್ತದೆ. ಅದನ್ನು ಹಣ ಕೊಟ್ಟು ತರುವ ಕಾಗದ ಮಾಡಿಕೊಂಡರೆ ನಷ್ಟ ಇನ್ಸ್‌ಪೆಕ್ಟರನದ್ದಲ್ಲ.

ಕನ್ನಡದಲ್ಲಿ ಒಂದು ಚೀಟಿ

ಜಕಾತ್ ಹೋಯಿತು, ಎಲ್‌ಬಿಟಿ ಹೋಯಿತು, 2017ರಲ್ಲಿ ಜಿಎಸ್‌ಟಿ ಬಂತು. ರಾಜ್ಯ ಕೊಡುವ ಪರಿಹಾರದ ಹಣ ಬಿಟ್ಟರೆ ಪಾಲಿಕೆಗೆ ಸ್ವಂತ ಆದಾಯದ ದೊಡ್ಡ ಮೂಲ ಆಸ್ತಿ ತೆರಿಗೆಯೇ. ಹಾಗಾಗಿ ಮೌಲ್ಯ ಏರಿಸುವ ಒತ್ತಡ ಮುಂದೆಯೂ ಇರುತ್ತದೆ. ‘ಮುಂಬಯಿಯಲ್ಲಿ 500 ಚದರಡಿ ಮನೆಗೆ ತೆರಿಗೆ ಇಲ್ಲ, ನಮಗೇಕೆ?’ ಎಂಬ ಪ್ರಶ್ನೆ ನ್ಯಾಯದ್ದೇ. ಆದರೆ ಮುಂಬಯಿಯ ಖಜಾನೆ ಸೊಲ್ಲಾಪುರಕ್ಕಿಲ್ಲ; ರಾಜ್ಯ ಸರಕಾರ ಕೈಯಿಂದ ತುಂಬಿಕೊಡದೆ ಅದು ಆಗುವ ಮಾತಲ್ಲ.

ಖರ್ಚಿಲ್ಲದೆ ಆಗಬಹುದಾದ ಕೆಲಸ ಬೇರೆ ಇದೆ. 2022ರ ಕಾಯ್ದೆ ಸ್ಥಳೀಯ ಸಂಸ್ಥೆಗಳ ವ್ಯವಹಾರಕ್ಕೆ ಮರಾಠಿಯನ್ನು ಕಡ್ಡಾಯ ಮಾಡಿದೆ. ಅದರ ನೆಪದಲ್ಲಿ ಬೇರೆ ಭಾಷೆ ಹಾಕಲೇಬಾರದು ಎಂದು ಹೇಳುವವರಿಗೆ 2025ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಅಕೋಲಾ ಜಿಲ್ಲೆಯ ಪಾತೂರು ನಗರ ಪರಿಷತ್ತಿನ ಫಲಕದಲ್ಲಿ ಮರಾಠಿಯ ಜೊತೆ ಉರ್ದು ಇರುವುದಕ್ಕೆ ಕಾನೂನಿನ ಅಡ್ಡಿ ಇಲ್ಲ ಎಂದಿತು ಆ ತೀರ್ಪು. ಸಂವಿಧಾನದ 350ನೇ ವಿಧಿ ಕೂಡ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ದೂರು ಸಲ್ಲಿಸುವ ಹಕ್ಕು ಕೊಟ್ಟಿದೆ.

ಹಾಗಿದ್ದ ಮೇಲೆ ಮೌಲ್ಯದ ನೋಟಿಸಿನ ಜೊತೆ ಕನ್ನಡ, ಉರ್ದು, ತೆಲುಗಿನಲ್ಲಿ ನಾಲ್ಕು ಸಾಲಿನ ಚೀಟಿ ಲಗತ್ತಿಸಲು ಏನು ಕಷ್ಟ? ‘ನಿಮ್ಮ ಆಸ್ತಿಯ ಮೌಲ್ಯ ಇಷ್ಟಾಗಿದೆ, ಒಪ್ಪಿಗೆ ಇಲ್ಲದಿದ್ದರೆ ಈ ದಿನದೊಳಗೆ ಬನ್ನಿ’ ಎಂದಿದ್ದರೆ ಸಾಕು. 2022ರ ಕೊನೆಯಲ್ಲಿ ಅಕ್ಕಲಕೋಟೆಯ ಕೆಲವು ಗ್ರಾಮಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದಾಗ ಎರಡೂ ರಾಜ್ಯಗಳ ನಾಯಕರು ಗಡಿಯ ಬಗ್ಗೆ ಭಾಷಣ ಮಾಡಿದರು. ಊರವರು ಹೇಳಿದ್ದು ರಸ್ತೆ, ನೀರಿನ ಬಗ್ಗೆ. ತೆರಿಗೆ ಕಟ್ಟುವವನಿಗೆ ಗಡಿಗಿಂತ ಮೊದಲು ಬೇಕಾದದ್ದು ತನಗೆ ಅರ್ಥವಾಗುವ ಲೆಕ್ಕ.

ಸೊಲ್ಲಾಪುರ ಪಾಲಿಕೆ 2022ರ ಮಾರ್ಚ್‌ನಿಂದ ಆಡಳಿತಾಧಿಕಾರಿಯ ಕೈಯಲ್ಲಿತ್ತು. 2026ರ ಜನವರಿ 15ರ ಮತದಾನದ ನಂತರ ಮತ್ತೆ ಚುನಾಯಿತ ಸದಸ್ಯರಿದ್ದಾರೆ. ಪ್ರತಿ ವರ್ಷದ ತೆರಿಗೆ ದರವನ್ನು ಫೆಬ್ರವರಿ 20ರ ಒಳಗೆ ನಿರ್ಧರಿಸಬೇಕಾದದ್ದು ಅದೇ ಸಭೆ. ವಾರ್ಡಿನ ಸದಸ್ಯನ ಬಳಿ ಗಟಾರ, ದೀಪದ ಕಂಬ ಕೇಳುವವರು ಈ ಚೀಟಿಯನ್ನೂ ಕೇಳಲಿ. ಅದು ಬರುವ ತನಕ ಮರಾಠಿ ಬಲ್ಲ ಕಾಲೇಜು ಹುಡುಗರನ್ನು ಕೂರಿಸಿ, ಮೊಹಲ್ಲಾದ ನೋಟಿಸುಗಳನ್ನು ಓದಿ ಹೇಳಿಸುವ ಕೆಲಸವನ್ನು ಜಮಾಅತ್‌ಗಳೂ ಕನ್ನಡ ಸಂಘಗಳೂ ವಾರಕ್ಕೆ ಒಂದು ಸಂಜೆ ಮಾಡಬಹುದು.